ರೋಗಿಯೇ ಬರೆದ ಪುಸ್ತಕ, ಬೇರೆಯವರು ತೆಗೆದ ಸಿನಿಮಾ: ಯಾವುದನ್ನು ಯಾರಿಗೆ ತೋರಿಸುವುದು?

ಕಾಸರಗೋಡು, ಮಂಜೇಶ್ವರ ಕಡೆಯ ಯಾವುದಾದರೂ ವಾಚನಾಲಯದ ಸಮಿತಿಯಲ್ಲಿ ‘ಮಾನಸಿಕ ಕಾಯಿಲೆಯ ಬಗ್ಗೆ ಒಂದು ಒಳ್ಳೆಯ ಸಿನಿಮಾ ಹಾಕೋಣ’ ಎಂದು ಮಾತು ಬಂದರೆ ಎರಡು ಹೆಸರು ಬೇಗ ಏಳುತ್ತವೆ. ಕನ್ನಡ ಶಾಲೆಯಲ್ಲಿ ಓದಿದವರು ‘ಶರಪಂಜರ’ ಅನ್ನುತ್ತಾರೆ, ಮಲಯಾಳದಲ್ಲಿ ಓದಿದವರು ‘ತನಿಯಾವರ್ತನಂ’. 1971ರ ಪುಟ್ಟಣ್ಣನವರ ಚಿತ್ರದಲ್ಲಿ ಮನೆಯೇ ಒಬ್ಬಳನ್ನು ಮುರಿಯುತ್ತದೆ. 1987ರ ಸಿಬಿ ಮಲಯಿಲ್ ಚಿತ್ರದಲ್ಲಿ ಊರೇ ಸೇರಿ ನೆಟ್ಟಗಿದ್ದ ಮೇಷ್ಟರನ್ನು ಹುಚ್ಚನನ್ನಾಗಿ ಮಾಡುತ್ತದೆ. ಎರಡೂ ಗಟ್ಟಿ ಚಿತ್ರಗಳೇ. ಆದರೆ ಎರಡೂ ಕಲ್ಪಿತ ಕತೆಗಳು, ಎರಡರಲ್ಲೂ ರೋಗಿ ‘ಅವಳು’ ಅಥವಾ ‘ಅವನು’. ಇವನ್ನು ನೋಡಿ ಬೆಳೆದ ಪ್ರೇಕ್ಷಕರು ಸಿನಿಮಾ ಶುರುವಾದ ಹತ್ತು ನಿಮಿಷಕ್ಕೇ ‘ಕಾರಣ ಯಾರು’ ಎಂದು ಹುಡುಕಲು ತೊಡಗುತ್ತಾರೆ.

ಇಲ್ಲಿ ಹೋಲಿಸುತ್ತಿರುವುದು ಇನ್ನೊಂದು ಬಗೆಯ ಚಿತ್ರಗಳನ್ನು: ಆಸ್ಪತ್ರೆಯಲ್ಲಿ, ಸೆರೆಯಲ್ಲಿ ಇದ್ದವರು ತಾವೇ ‘ನಾನು’ ಎಂದು ಬರೆದಿಟ್ಟ ಪುಸ್ತಕವನ್ನು ಎದುರಿಗಿಟ್ಟುಕೊಂಡು ತೆಗೆದವು. ಇವುಗಳಲ್ಲಿ ಆಯ್ಕೆ ಮಾಡುವಾಗ ಪ್ರಶಸ್ತಿ, ನಟನೆ, ಅಂಕಗಳು ಅಷ್ಟೇನೂ ನೆರವಿಗೆ ಬರುವುದಿಲ್ಲ. ಮೊದಲ ಇಪ್ಪತ್ತು ನಿಮಿಷ ನೋಡಿ ಒಂದೇ ಒಂದು ವಿಷಯ ಗುರುತು ಹಾಕಿಕೊಳ್ಳಿ: ‘ನಾನು’ ಅನ್ನುವ ಮಾತು ಯಾರ ಬಾಯಲ್ಲಿದೆ? ರೋಗಿಯದೋ, ವೈದ್ಯರದೋ, ನ್ಯಾಯಾಲಯದ್ದೋ, ನಿರ್ದೇಶಕರದೋ? ಇದು ತಿಳಿದರೆ ಆ ಚಿತ್ರವನ್ನು ಯಾರ ಮುಂದೆ ಹಾಕಬಹುದು ಅನ್ನುವುದೂ ಬಹುಮಟ್ಟಿಗೆ ತಿಳಿದಂತೆ.

ಶ್ರೇಬರ್ ಎಂಬ ನ್ಯಾಯಾಧೀಶ

ಈ ಬಗೆಯ ಪುಸ್ತಕಗಳಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ಡೇನಿಯಲ್ ಪೌಲ್ ಶ್ರೇಬರ್ ಬರೆದದ್ದು, ಇಂಗ್ಲಿಷಿನಲ್ಲಿ ‘ಮೆಮಾಯರ್ಸ್ ಆಫ್ ಮೈ ನರ್ವಸ್ ಇಲ್‌ನೆಸ್’. 1842ರಲ್ಲಿ ಲೈಪ್‌ಜಿಗ್‌ನಲ್ಲಿ ಹುಟ್ಟಿದವನು, ವೃತ್ತಿಯಿಂದ ನ್ಯಾಯಾಧೀಶ. 1884ರಲ್ಲಿ ಜರ್ಮನ್ ಸಂಸತ್ತಿಗೆ ನಿಂತು ಸೋತ ಮೇಲೆ ಮೊದಲ ಸಲ ಕಾಯಿಲೆ ಬಿದ್ದು ಪ್ರೊಫೆಸರ್ ಫ್ಲೆಕ್ಸಿಗ್‌ನ ಆಸ್ಪತ್ರೆ ಸೇರಿದ, ಗುಣವಾಗಿ ಬಂದ. 1893ರಲ್ಲಿ ಡ್ರೆಸ್ಡೆನ್‌ನ ಮೇಲ್ಮನವಿ ನ್ಯಾಯಾಲಯದಲ್ಲಿ ಪೀಠಾಧ್ಯಕ್ಷನ ಹುದ್ದೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಮತ್ತೆ ಬಿದ್ದ, ಈ ಸಲ 1902ರ ಕೊನೆಯವರೆಗೂ ಹೊರಬರಲಿಲ್ಲ. ಆ ವರ್ಷಗಳಲ್ಲಿ ಬಹುಪಾಲನ್ನು ಪಿರ್ನಾ ಊರಿನ ಜೋನೆನ್‌ಸ್ಟೈನ್ ಆಸ್ಪತ್ರೆಯಲ್ಲಿ ಕಳೆದ. ತನ್ನ ಸ್ವಂತ ವ್ಯವಹಾರ ನೋಡಿಕೊಳ್ಳುವ ಹಕ್ಕು ಕಿತ್ತುಕೊಂಡದ್ದರ ವಿರುದ್ಧ ತಾನೇ ವಾದ ಬರೆದು ಗೆದ್ದ. 1902ರ ಜುಲೈ ತೀರ್ಪು ಓದಬೇಕಾದದ್ದು: ಈತನಿಗೆ ಮತಿಭ್ರಮೆ ಇದೆ ಅನ್ನುವುದರಲ್ಲಿ ನ್ಯಾಯಾಲಯಕ್ಕೆ ಸಂಶಯವೇ ಇರಲಿಲ್ಲ, ಆದರೆ ಅಷ್ಟಕ್ಕೇ ಒಬ್ಬನ ಹಕ್ಕನ್ನು ಕಸಿಯಲಾಗದು ಅಂದಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಸೆಕ್ಷನ್ ಹೇಳುವುದೂ ಇದೇ ಜಾಡಿನ ಮಾತು: ಕಾಯಿಲೆ ಇದೆ ಎಂದ ಮಾತ್ರಕ್ಕೆ ವ್ಯಕ್ತಿ ಬುದ್ಧಿ ಸ್ವಸ್ಥವಿಲ್ಲದವನೆಂದು ಆಗುವುದಿಲ್ಲ, ಅದನ್ನು ನ್ಯಾಯಾಲಯ ಹೇಳಬೇಕು.

ಪುಸ್ತಕ 1903ರಲ್ಲಿ ಅಚ್ಚಾಯಿತು. ಮೂರನೇ ಅಧ್ಯಾಯ ಅಚ್ಚಿಗೆ ಯೋಗ್ಯವಲ್ಲವೆಂದು ಕಿತ್ತುಹಾಕಲಾಗಿತ್ತು. ಕೊನೆಯಲ್ಲಿ ವೈದ್ಯ ವೇಬರ್‌ನ ವರದಿಗಳು, ಶ್ರೇಬರನ ಮೇಲ್ಮನವಿ, ತೀರ್ಪು ಎಲ್ಲ ಸೇರಿವೆ. ಮನೋವಿಶ್ಲೇಷಣೆಯ ಫ್ರಾಯ್ಡ್ ಆತನನ್ನು ಒಮ್ಮೆಯೂ ಕಾಣದೆ, ಪುಸ್ತಕವನ್ನಷ್ಟೇ ಓದಿ 1911ರಲ್ಲಿ ತನ್ನ ಪ್ರಸಿದ್ಧ ಪ್ರಬಂಧ ಬರೆದ. ಅದೇ ವರ್ಷ ಏಪ್ರಿಲ್‌ನಲ್ಲಿ ಶ್ರೇಬರ್ ಲೈಪ್‌ಜಿಗ್ ಬಳಿಯ ಡೋಸೆನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಅಂದಿನಿಂದ ‘ಶ್ರೇಬರ್’ ಅಂದರೆ ಮನುಷ್ಯನಿಗಿಂತ ‘ಕೇಸು’ ಎಂದೇ ಹೆಚ್ಚು ಜನಕ್ಕೆ ನೆನಪು. ಚಿತ್ರ ಆರಿಸುವವರು ಬಿಡಿಸಬೇಕಾದ ಗಂಟು ಇದೇ.

ಈ ಪುಸ್ತಕದ ಮೇಲೆ ಪೂರ್ಣ ಉದ್ದದ ಎರಡು ಚಿತ್ರಗಳು ಹೋಲಿಕೆಗೆ ಸಿಗುತ್ತವೆ. (1998ರ ‘ಡಾರ್ಕ್ ಸಿಟಿ’ಯಲ್ಲಿ ಶ್ರೇಬರ್ ಎಂಬ ವೈದ್ಯ ಬರುತ್ತಾನೆ. ಹೆಸರನ್ನು ಎರವಲು ಪಡೆದದ್ದು ಬಿಟ್ಟರೆ ಈ ಪುಸ್ತಕದ ರೂಪಾಂತರ ಅದಲ್ಲ. ಮೋಸಹೋಗಬೇಡಿ.)

ಒಂದು, ಜೂಲಿಯನ್ ಹಾಬ್ಸ್ 2006ರಲ್ಲಿ ತೆಗೆದದ್ದು, ಪುಸ್ತಕದ ಇಂಗ್ಲಿಷ್ ಹೆಸರನ್ನೇ ಇಟ್ಟುಕೊಂಡ ಅಮೆರಿಕನ್ ಚಿತ್ರ. ಶ್ರೇಬರ್ ಆಗಿರುವವರು ಜೆಫರ್ಸನ್ ಮೇಸ್, ಮೂಲತಃ ರಂಗಭೂಮಿಯವರು. ಒಬ್ಬರೇ ಹತ್ತಾರು ಪಾತ್ರ ಮಾಡುವ ಏಕವ್ಯಕ್ತಿ ನಾಟಕಕ್ಕೆ 2004ರಲ್ಲಿ ಟೋನಿ ಪ್ರಶಸ್ತಿ ಪಡೆದವರು. ತಾನು ಹೆಣ್ಣಾಗುತ್ತಿದ್ದೇನೆ ಅನ್ನುವ ಶ್ರೇಬರನ ನಂಬಿಕೆಯನ್ನು ನಗೆಪಾಟಲು ಮಾಡದೆ ಹೊರಲು ಇಂಥ ನಟ ಬೇಕು. ಇದು ಪಾತ್ರವನ್ನು ನೆಚ್ಚಿದ ಕಥಾಚಿತ್ರ. ಪ್ರಯೋಗಚಿತ್ರ ಎಂದರೆ ಹೆದರುವ ಪ್ರೇಕ್ಷಕರಿಗೆ ಮೆಟ್ಟಿಲಾಗಬಲ್ಲದು.

ಎರಡನೆಯದು ಸೈಮನ್ ಪಮ್ಮೆಲ್‌ರ ‘ಶಾಕ್ ಹೆಡ್ ಸೋಲ್’, 2011ರ ವೆನಿಸ್ ಚಿತ್ರೋತ್ಸವದಲ್ಲಿ ಕಾಣಿಸಿಕೊಂಡದ್ದು, ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಹ್ಯೂಗೋ ಕೂಲ್‌ಸ್ಕೈನ್ ಶ್ರೇಬರ್, ಅನಿಕ್ ಫೈಫರ್ ಹೆಂಡತಿ ಸಬೀನೆ, ಥಾಮ್ ಹಾಫ್‌ಮನ್ ಫ್ಲೆಕ್ಸಿಗ್. ಇದರಲ್ಲಿ ಮೂರು ಎಳೆ ಹೆಣೆದಿವೆ: ನಟರು ಆಡುವ ಪ್ರಸಂಗಗಳು, ಕಂಪ್ಯೂಟರ್ ಆ್ಯನಿಮೇಶನ್, ಮತ್ತು ಇಂದಿನ ಮನೋವೈದ್ಯರು, ಇತಿಹಾಸಕಾರರು ಹೇಳುವ ಸಾಕ್ಷಿ. ಈ ತಜ್ಞರು ನೂರು ವರ್ಷ ಹಿಂದಿನ ಕೋಟು ಕಾಲರು ತೊಟ್ಟು ವಿಚಾರಣೆಗೆ ಬಂದ ಸಾಕ್ಷಿಗಳಂತೆ ಕೂತಿರುತ್ತಾರೆ, ಆದರೆ ಆಡುವುದು ಇಂದಿನ ತಿಳಿವಳಿಕೆಯ ಮಾತು.

ಇದನ್ನು ಬೇರೆ ಊರಿನಲ್ಲಿ ವಿವರಿಸಬೇಕಾದೀತು, ಕುಂಬಳೆಯಲ್ಲಿ ಬೇಡ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಿಗೆ ತಾಳಮದ್ದಳೆ ಗೊತ್ತು. ಬಿಳಿ ಅಂಗಿ, ಪಂಚೆಯಲ್ಲಿ ಚಾಪೆಯ ಮೇಲೆ ಕೂತ ಅರ್ಥಧಾರಿ ವೇಷವಿಲ್ಲದೆ ‘ನಾನು ಕರ್ಣ’ ಅಂದರೆ ನಂಬುತ್ತೇವೆ, ಮರುಕ್ಷಣ ಅವರು ಪಕ್ಕದ ಮನೆಯ ಮೇಷ್ಟ್ರು ಎಂದೂ ನೆನಪಿರುತ್ತದೆ. ಪಮ್ಮೆಲ್ ಮಾಡಿದ್ದು ಅದರ ತಿರುವುಮುರುವು: ವೇಷ ಹಳೆಯದು, ಮಾತು ತಮ್ಮದೇ. ಪ್ರದರ್ಶನಕ್ಕೆ ಮುನ್ನ ಇದೊಂದು ಸಾಲು ಹೇಳಿದರೆ, ‘ಇವರು ಯಾರು, ಯಾವ ಕಾಲದವರು’ ಎಂಬ ಗುಸುಗುಸು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಯಾವುದು ಮೇಲು? ‘ನಾನು’ ಪರೀಕ್ಷೆ ಹಚ್ಚಿದರೆ ಹಾಬ್ಸ್ ಚಿತ್ರದಲ್ಲಿ ಶ್ರೇಬರ್ ನಡುವಿನಲ್ಲೇ ಇರುತ್ತಾನೆ. ಪಮ್ಮೆಲ್ ಚಿತ್ರದಲ್ಲಿ ತಜ್ಞರು ಆಗಾಗ ಅವನ ಮಾತಿನ ಮೇಲೆ ಮಾತು ಹೂಡುತ್ತಾರೆ. ಹಾಗಿದ್ದೂ ನಮ್ಮ ಮತ ಪಮ್ಮೆಲ್‌ಗೇ. ಕಾರಣ, ಪುಸ್ತಕದ ಕಟ್ಟಡವೇ ಹಾಗಿದೆ: ರೋಗಿಯ ಬರಹ, ಅದಕ್ಕೆ ಅಂಟಿಕೊಂಡ ವೈದ್ಯರ ವರದಿ, ಮೇಲೊಂದು ತೀರ್ಪು. ತಜ್ಞರ ಮಾತನ್ನು ಮುಚ್ಚಿಡದೆ, ಅವರಿಗೂ ವೇಷ ತೊಡಿಸಿ ಕಟಕಟೆಗೆ ತಂದದ್ದು ಪ್ರಾಮಾಣಿಕತೆ. ಜೊತೆಗೆ ಆ್ಯನಿಮೇಶನ್ ಒಂದು ಕೆಲಸ ಚೆನ್ನಾಗಿ ಮಾಡುತ್ತದೆ. ತಾನು ಯೋಚಿಸಿದ್ದನ್ನೆಲ್ಲ ಯಾರೋ ದೂರದಲ್ಲಿ ಬರೆದಿಡುತ್ತಿದ್ದಾರೆ ಅನ್ನುವುದು ಶ್ರೇಬರನ ದೊಡ್ಡ ಹಿಂಸೆಗಳಲ್ಲಿ ಒಂದು. ಅದನ್ನು ಚಿತ್ರ ಹಳೆಯ ಕಾಲದ ಗುಂಡು ಆಕಾರದ ಬೆರಳಚ್ಚು ಯಂತ್ರವನ್ನು ನೆನಪಿಸುವ, ಬಾನಿನಲ್ಲಿ ತೇಲುವ ಗೋಳಗಳಾಗಿ ತೋರಿಸುತ್ತದೆ. ಭ್ರಮೆಯನ್ನು ಮಂಜು ಮಂಜಾದ ಕನಸಿನಂತೆ ತೋರಿಸುವ ಸವಕಲು ದಾರಿ ಇದಲ್ಲ. ಗಟ್ಟಿ ಲೋಹ, ಖಚಿತ ಸದ್ದು. ಭ್ರಮೆಯಲ್ಲಿ ಇರುವವರಿಗೆ ಅದು ಹಾಗೇ ಗಟ್ಟಿಯಾಗಿ ಇರುತ್ತದೆ.

ಕನ್ನಡದಲ್ಲಿ ಎಡವುವ ಜಾಗಗಳು

ಪಮ್ಮೆಲ್ ಚಿತ್ರಕ್ಕೆ ಕನ್ನಡ ಅಡಿಬರಹ (ಸಬ್‌ಟೈಟಲ್) ಮಾಡುವವರು, ಅಥವಾ ಪ್ರದರ್ಶನದ ಜೊತೆ ಪುಸ್ತಕದ ಎರಡು ಪುಟ ಓದುವವರು, ಈ ಕೆಲವು ಪದಗಳಲ್ಲಿ ಖಂಡಿತ ಎಡವುತ್ತಾರೆ.

ಶ್ರೇಬರನ ಮುಖ್ಯ ಆರೋಪ, ಅವನ ಜರ್ಮನ್ ಮಾತಿನಲ್ಲಿ, ‘ಜೇಲನ್‌ಮೋರ್ಟ್’: ಒಬ್ಬನ ಆತ್ಮವನ್ನು ಇನ್ನೊಬ್ಬ ವಶಪಡಿಸಿಕೊಂಡು ಕೊಲ್ಲುವುದು. ಪದಕ್ಕೆ ಪದ ಹಾಕಿದರೆ ‘ಆತ್ಮಹತ್ಯೆ’! ಇಡೀ ಚಿತ್ರದ ಅರ್ಥ ಅಲ್ಲಿಗೇ ತಲೆಕೆಳಗು. ‘ಆತ್ಮದ ಕೊಲೆ’ ಎಂದು ಬಿಡಿಸಿಯೇ ಬರೆಯಬೇಕು.

‘ನರ’ ಇನ್ನೂ ಕಷ್ಟ. ಶ್ರೇಬರನ ಪ್ರಕಾರ ದೇವರಿಗೆ ದೇಹವಿಲ್ಲ, ದೇವರೆಂದರೆ ಬರಿಯ ನರಗಳು, ಅವು ಕಿರಣಗಳಾಗಿ ಚಾಚುತ್ತವೆ. ‘ದೇವರು ಬರೀ ನರ’ ಎಂದು ಅಡಿಬರಹ ಹಾಕಿದರೆ ನರನಾರಾಯಣರ ಕತೆ ಕೇಳಿ ಬೆಳೆದ ಕಿವಿಗೆ ‘ದೇವರು ಬರೀ ಮನುಷ್ಯ’ ಎಂದೇ ಕೇಳುತ್ತದೆ. ಬಹುವಚನ ಬಿಡಬೇಡಿ: ‘ನರಗಳು’, ‘ನರತಂತುಗಳು’. ಹಾಗೆಯೇ ಪುಸ್ತಕದ ಹೆಸರಿನಲ್ಲಿ ‘ನರರೋಗಿ’ ಬೇಡ. ನರರೋಗ ತಜ್ಞರೆಂದರೆ ನಮ್ಮಲ್ಲಿ ಪಾರ್ಶ್ವವಾಯು, ಅಪಸ್ಮಾರ ನೋಡುವವರು. ‘ನನ್ನ ನರಗಳ ಕಾಯಿಲೆಯ ನೆನಪುಗಳು’ ಎಂದರೆ ಹಳೆಯ ಕಾಲದ ಅರ್ಥಕ್ಕೆ ಹತ್ತಿರ.

‘ಬರೆದಿಡುವ ವ್ಯವಸ್ಥೆ’ ಬಂದೊಡನೆ ಯಾರಾದರೂ ‘ಓ, ಚಿತ್ರಗುಪ್ತ’ ಅನ್ನುತ್ತಾರೆ. ಹೋಲಿಕೆ ಸಹಜ, ಆದರೆ ಅರ್ಧ ಮಾತ್ರ ಸರಿ. ಚಿತ್ರಗುಪ್ತನಿಗೆ ಪಾಪಪುಣ್ಯ ಗೊತ್ತು, ಕಡತಕ್ಕೆ ಅರ್ಥವಿದೆ. ಶ್ರೇಬರ್ ಊಹಿಸಿದ ಬರಹಗಾರರಿಗೆ ಬುದ್ಧಿಯೇ ಇಲ್ಲ, ಯಂತ್ರದಂತೆ ಗೀಚುತ್ತಾರೆ. ಅವನಿಗೆ ಹಿಂಸೆಯಾದದ್ದು ಆ ಅರ್ಥಹೀನತೆಯೇ.

ಅವಸರದಲ್ಲಿ ಸುಮ್ಮನೆ ಉಂಟುಮಾಡಿಟ್ಟ ನೆರಳಿನಂಥ ಜನರಿಗೆ ಅವನು ಕೊಡುವ ಹೆಸರನ್ನು ‘ಗಡಿಬಿಡಿಯಲ್ಲಿ ಮಾಡಿಟ್ಟ ಗಂಡಸರು’ ಎಂದರೆ ಸಾಕು. ಸಂಸ್ಕೃತದ ಭಾರ ಹೇರಬೇಡಿ, ಅವನ ಮಾತಿನಲ್ಲೇ ಒಂದು ಒರಟು ತಮಾಷೆ ಇದೆ. ಪುಸ್ತಕದ ಮಾತಾಡುವ ಹಕ್ಕಿಗಳ ಭಾಗ ಓದುವುದಾದರೆ ಅನುವಾದಿಸುವ ಮುನ್ನ ಬಾಯಿಬಿಟ್ಟು ಹೇಳಿ ನೋಡಿ. ಆ ಹಕ್ಕಿಗಳಿಗೆ ಅರ್ಥ ತಿಳಿಯದು, ಪ್ರಾಸಕ್ಕೆ ಮಾತ್ರ ಬೆದರುತ್ತವೆ: ಸಾಂಟಿಯಾಗೋ ಅಂದರೆ ಕಾರ್ಥಾಗೋ. ಅರ್ಥ ಬಿಟ್ಟು ಸದ್ದನ್ನು ಉಳಿಸಿಕೊಳ್ಳಬೇಕಾದ ಅಪರೂಪದ ಜಾಗ ಇದು.

ರಿವಿಯೇರ್: ಊರಿನವರೇ ಆಡಿದ ಚಿತ್ರ

ಶ್ರೇಬರನಿಗೆ ಎದುರಾಗಿ ನಿಲ್ಲಿಸಬಹುದಾದ ಒಂದೇ ಚಿತ್ರ ಎಂದರೆ ರನೆ ಆಲ್ಲಿಯೋ 1976ರಲ್ಲಿ ತೆಗೆದ ಪಿಯೇರ್ ರಿವಿಯೇರ್ ಚಿತ್ರ. 1835ರ ಜೂನ್ 3ರಂದು ನಾರ್ಮಂಡಿಯ ಒಂದು ಹಳ್ಳಿಯಲ್ಲಿ ಇಪ್ಪತ್ತು ವರ್ಷದ ರೈತಹುಡುಗ ತನ್ನ ಬಸುರಿ ತಾಯಿ, ತಂಗಿ, ತಮ್ಮ ಮೂವರನ್ನೂ ಕಡಿದು ಕೊಂದ. ಕೆಲವು ವಾರ ಕಾಡಿನಲ್ಲಿ ಅಲೆದು ಸಿಕ್ಕಿಬಿದ್ದ ಮೇಲೆ, ಓದುಬರಹ ಅಷ್ಟೇನೂ ಬಾರದವನೆಂದು ಊರು ತಿಳಿದಿದ್ದ ಆತ ಸೆರೆಯಲ್ಲಿ ಕೂತು ಯಾಕೆ ಕೊಂದೆ ಎಂದು ದೀರ್ಘವಾಗಿ ಬರೆದ. ವೈದ್ಯರಲ್ಲೇ ಭಿನ್ನಾಭಿಪ್ರಾಯ: ಹುಚ್ಚ ಅನ್ನುವವರು, ಅಲ್ಲ ಅನ್ನುವವರು. ಮರಣದಂಡನೆ ಜೀವಾವಧಿಗೆ ಇಳಿಯಿತು, 1840ರಲ್ಲಿ ಸೆರೆಯಲ್ಲೇ ನೇಣು ಹಾಕಿಕೊಂಡ. ಫ್ರೆಂಚ್ ಚಿಂತಕ ಮಿಶೆಲ್ ಫುಕೋ ಮತ್ತು ಸಂಗಡಿಗರು ಆ ಬರಹವನ್ನೂ ಅದರ ಸುತ್ತಲಿನ ಕಾಗದಪತ್ರಗಳನ್ನೂ 1973ರಲ್ಲಿ ಅಚ್ಚು ಹಾಕಿಸಿದರು.

ಆಲ್ಲಿಯೋ ಮಾಡಿದ ಪ್ರಯೋಗ ಸರಳ, ಆದರೆ ಕಠಿಣ. ಕೊಲೆ ನಡೆದ ಸೀಮೆಯಲ್ಲೇ ಕ್ಯಾಮೆರಾ ಇಟ್ಟರು. ರೈತ ಕುಟುಂಬದ ಪಾತ್ರಗಳನ್ನು ಅಲ್ಲಿಯ ರೈತರಿಗೇ ಕೊಟ್ಟರು, ನ್ಯಾಯಾಧೀಶರು ಮತ್ತು ವೈದ್ಯರ ಪಾತ್ರಗಳನ್ನು ಮಾತ್ರ ವೃತ್ತಿನಟರಿಗೆ. ಮಣ್ಣಿನವರ ಮಾತು ಒಂದು ಬಗೆ, ಓದಿದವರ ಮಾತು ಇನ್ನೊಂದು ಬಗೆ, ಎರಡರ ನಡುವಿನ ಬಿರುಕು ಯಾರೂ ಹೇಳಿಕೊಡದೆ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಹವ್ಯಕವೋ ತುಳುವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ತಾಲೂಕು ಕಚೇರಿಯಲ್ಲಿ ಮಲಯಾಳ ಎಂದು ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಬರಹ ಮಾಡುವವರು ಈ ಬಿರುಕನ್ನು ಉಳಿಸಿಕೊಳ್ಳಲಿ: ನ್ಯಾಯಾಧೀಶರಿಗೆ ಗ್ರಂಥಸ್ಥ ಕನ್ನಡ, ರಿವಿಯೇರನ ಮನೆಯವರಿಗೆ ಆಡುಮಾತು. ಎಲ್ಲರಿಗೂ ಒಂದೇ ಪಠ್ಯಪುಸ್ತಕದ ಕನ್ನಡ ಹಾಕಿದರೆ ನಿರ್ದೇಶಕ ಮಾಡಿದ್ದೆಲ್ಲ ನೀರುಪಾಲು.

ರಿವಿಯೇರ್ ಆಗಿ ಆಡಿದ ಕ್ಲೋಡ್ ಏಬೇರ್ ಎಂಬ ಯುವಕ ಮುಂದೆ ನಟನಾಗಿ ಉಳಿಯದೆ ಪಾದ್ರಿಯಾದ. ಆಲ್ಲಿಯೋಗೆ ಆಗ ಸಹಾಯಕರಾಗಿದ್ದ ನಿಕೊಲಾ ಫಿಲಿಬೇರ್ ಮೂವತ್ತು ವರ್ಷದ ನಂತರ ಆ ರೈತನಟರನ್ನು ಹುಡುಕಿಕೊಂಡು ಹೋಗಿ 2007ರಲ್ಲಿ ‘ಬ್ಯಾಕ್ ಟು ನಾರ್ಮಂಡಿ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಎರಡು ಸಂಜೆ ಇದ್ದರೆ ಎರಡನ್ನೂ ಹಾಕಿ. ಒಂದೇ ಸಂಜೆಯಾದರೆ ಆಲ್ಲಿಯೋ ಚಿತ್ರವೊಂದೇ, ಅದೇ ಎರಡು ಗಂಟೆ ಮೀರುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಇದು ಬೇಡ. ತಮ್ಮನ ಕೊಲೆ ದೊಡ್ಡವರಿಗೇ ಅರಗದು. ಇನ್ನೊಂದು ಅಪಾಯವೂ ಉಂಟು: ಮಾನಸಿಕ ಕಾಯಿಲೆಯ ಬಗ್ಗೆ ಆ ಊರಿನಲ್ಲಿ ತೋರಿಸುವ ಮೊದಲನೇ ಚಿತ್ರವೇ ಇದಾದರೆ ‘ಕಾಯಿಲೆಯವರು ಕೊಲ್ಲುತ್ತಾರೆ’ ಎಂಬ ಹಳೆಯ ಭಯಕ್ಕೆ ಗೊಬ್ಬರ ಹಾಕಿದಂತೆ. ಸರಣಿಯಲ್ಲಿ ಎರಡನೆಯದೋ ಮೂರನೆಯದೋ ಆಗಿರಲಿ.

ಉಳಿದವು

ಜೇನ್ ಕ್ಯಾಂಪಿಯನ್‌ರ ‘ಆ್ಯನ್ ಏಂಜೆಲ್ ಅಟ್ ಮೈ ಟೇಬಲ್’ (1990) ರೂಪದಲ್ಲಿ ಅಷ್ಟು ಪ್ರಯೋಗಶೀಲವಲ್ಲ, ಆದರೆ ಸರಣಿಯನ್ನು ಶುರು ಮಾಡಲು ಇದಕ್ಕಿಂತ ಒಳ್ಳೆಯದು ಸಿಗದು. ನ್ಯೂಜಿಲೆಂಡಿನ ಬರಹಗಾರ್ತಿ ಜಾನೆಟ್ ಫ್ರೇಮ್‌ರ ಮೂರು ಸಂಪುಟದ ಆತ್ಮಕತೆ ಇದರ ಮೂಲ. 1945ರಲ್ಲಿ ಸ್ಕಿಜೋಫ್ರೇನಿಯ ಎಂದು ಹಣೆಪಟ್ಟಿ, ವರ್ಷಗಟ್ಟಲೆ ಆಸ್ಪತ್ರೆ, ಅರಿವಳಿಕೆ ಇಲ್ಲದೆ ಸುಮಾರು ಇನ್ನೂರು ಸಲ ವಿದ್ಯುತ್ ಚಿಕಿತ್ಸೆ. ಮಿದುಳಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದಾಗ ಅವರ ಕಥಾಸಂಕಲನಕ್ಕೆ ಪ್ರಶಸ್ತಿ ಬಂದ ಸುದ್ದಿ ಆಸ್ಪತ್ರೆಯ ಮೇಲಧಿಕಾರಿಯ ಕಣ್ಣಿಗೆ ಬಿದ್ದು ಅದು ನಿಂತಿತು. ಮುಂದೆ ಲಂಡನ್‌ನ ಮಾಡ್ಸ್ಲಿ ಆಸ್ಪತ್ರೆಯವರು ಆಕೆಗೆ ಆ ಕಾಯಿಲೆ ಯಾವತ್ತೂ ಇರಲೇ ಇಲ್ಲ ಎಂದರು. ಚಿತ್ರ 158 ನಿಮಿಷ. ಮೂಲದಲ್ಲಿ ಟಿವಿಗೆ ಮೂರು ಭಾಗವಾಗಿ ಯೋಚಿಸಿದ್ದು, ಬಾಲ್ಯ, ಹರೆಯ, ನಂತರದ ವಯಸ್ಸಿಗೆ ಮೂವರು ನಟಿಯರು. ಆದ್ದರಿಂದ ಮೂರು ಶನಿವಾರ ಹಂಚಿ ತೋರಿಸಿದರೂ ಚಿತ್ರಕ್ಕೆ ಅನ್ಯಾಯವಾಗುವುದಿಲ್ಲ. ಒಂದೇ ಎಚ್ಚರ: ವಿದ್ಯುತ್ ಚಿಕಿತ್ಸೆಯ ದೃಶ್ಯ ನೋಡಿ, ಇಂದು ಅದೇ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರು ಹೆದರಿ ಆಸ್ಪತ್ರೆಗೆ ಹೋಗುವುದನ್ನೇ ಬಿಡಬಾರದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಅದನ್ನು ಮಾಡುವುದನ್ನು 2017ರ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ ಎಂದು ಚಿತ್ರದ ಮೊದಲೇ ಹೇಳಿಬಿಡಿ. ಕೊನೆಯಲ್ಲಿ ಹೇಳಿದರೆ ಅಷ್ಟರಲ್ಲಿ ಕೆಲವರು ಬಸ್ಸಿಗೆ ಎದ್ದು ಹೋಗಿರುತ್ತಾರೆ.

ನೆಲೋ ರಿಸಿಯ ‘ದಿಯಾರಿಯೋ ದಿ ಉನಾ ಸ್ಕಿಜೋಫ್ರೇನಿಕಾ’ (1968) ಇಟಲಿಯದು. 1950ರಲ್ಲಿ ಮಾರ್ಗರೀತ್ ಸೆಶೆಹೇ ಎಂಬ ಚಿಕಿತ್ಸಕಿ ಹೊರತಂದ, ‘ರನೆ’ ಎಂಬ ಹುಡುಗಿಯ ದಿನಚರಿಯಿಂದ ಹುಟ್ಟಿದ್ದು. ‘ನಾನು’ ಪರೀಕ್ಷೆಗೆ ಇದು ಪಾಠದಂಥ ಉದಾಹರಣೆ: ಮಾತು ಹುಡುಗಿಯದು, ಆದರೆ ಅದನ್ನು ಹೊರತಂದು ಅದಕ್ಕೆ ಅರ್ಥ ಬರೆದವರು ಚಿಕಿತ್ಸೆ ಕೊಟ್ಟವರೇ. ಮನಶ್ಶಾಸ್ತ್ರ, ಸಮಾಜಕಾರ್ಯ ಓದುವವರ ಗುಂಪಿಗೆ ಸರಿ, ಊರಿನ ಪ್ರದರ್ಶನಕ್ಕೆ ಅಗತ್ಯವಿಲ್ಲ.

ಬ್ರೂನೋ ದ್ಯುಮೋನ ‘ಕಮೀಲ್ ಕ್ಲೋದೆಲ್ 1915’ (2013) ಆತ್ಮಕತೆಯಿಂದಲ್ಲ, ಆಸ್ಪತ್ರೆಯಲ್ಲಿ ಕೂಡಿಟ್ಟ ಶಿಲ್ಪಿಯ ಪತ್ರಗಳು ಮತ್ತು ವೈದ್ಯಕೀಯ ದಾಖಲೆಗಳಿಂದ. ಕ್ಲೋದೆಲ್ ಆಗಿ ನಟಿಸಿದ ಜೂಲಿಯೆಟ್ ಬಿನೋಶ್ ಸುತ್ತ ಇರುವ ರೋಗಿಗಳು ನಿಜವಾಗಿಯೂ ಆಸ್ಪತ್ರೆಯಲ್ಲಿ ಇದ್ದವರು. ಅವರನ್ನು ಹೀಗೆ ತೋರಿಸಬಹುದೇ ಅನ್ನುವ ಜಗಳ ಚಿತ್ರ ಮುಗಿದ ಮೇಲೆ ಎದ್ದೇ ಏಳುತ್ತದೆ. ಜಗಳ ಬೇಕಿದ್ದರೆ ಹಾಕಿ.

ಜೊನಾಥನ್ ಕಾವೆಟ್‌ನ ‘ಟಾರ್ನೇಶನ್’ (2003) ಪುಸ್ತಕವೇ ಇಲ್ಲದ ಆತ್ಮಕತೆ. ಬಾಲ್ಯದಿಂದ ತಾನೇ ತೆಗೆದ ವಿಡಿಯೊ, ಫೋಟೊ, ಆನ್ಸರಿಂಗ್ ಯಂತ್ರದ ಧ್ವನಿಗಳನ್ನು ಮನೆಯ ಕಂಪ್ಯೂಟರಿನ ಐಮೂವಿಯಲ್ಲಿ ಜೋಡಿಸಿ, ಮಾನಸಿಕ ಆಸ್ಪತ್ರೆಗಳಲ್ಲಿ ಸವೆದ ತಾಯಿಯ ಮತ್ತು ತನ್ನ ಕತೆ ಹೇಳಿದ. ಮೊದಲ ಪ್ರತಿಗೆ ತಗಲಿದ ಖರ್ಚು ಸುಮಾರು 218 ಡಾಲರ್ ಎಂಬುದು ಪ್ರಸಿದ್ಧ. ಮೊಬೈಲಿನಲ್ಲಿ ಚಿತ್ರ ಮಾಡುವ ಹುಡುಗರಿಗೆ ಇದರಷ್ಟು ಹುರುಪು ಕೊಡುವುದು ಇಲ್ಲ. ಜೊತೆಗೇ ಹೇಳಬೇಕಾದ್ದು, ನಮ್ಮಲ್ಲಿ ಚಿಕಿತ್ಸೆಯಲ್ಲಿರುವವರ ಚಿತ್ರವನ್ನೋ ಮಾಹಿತಿಯನ್ನೋ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಬಿಡುವಂತಿಲ್ಲ, ಅದೇ ಕಾಯ್ದೆಯ 24ನೇ ಸೆಕ್ಷನ್.

ಸಭಾಂಗಣದಲ್ಲಿ ಕೆಡುವುದು

ಆಯ್ಕೆ ಸರಿಯಿದ್ದೂ ಪ್ರದರ್ಶನ ಕೆಡುವುದು ಬಹುತೇಕ ಸದ್ದಿನಿಂದ. ಇಂಥ ಚಿತ್ರಗಳಲ್ಲಿ ಪಿಸುಮಾತು, ದೂರದ ಗುಂಯ್‌ಗುಡುವಿಕೆ, ಮೌನ ಎಲ್ಲವೂ ಕತೆಯ ಭಾಗ. 5.1 ಧ್ವನಿಯ (ಆರು ಚಾನೆಲಿನ) ಕಡತವನ್ನು ಲ್ಯಾಪ್‌ಟಾಪಿನಿಂದ ಎರಡೇ ಸ್ಪೀಕರಿಗೆ ಕೊಟ್ಟಾಗ ನಡುವಿನ ಚಾನೆಲ್ ಕಳೆದುಹೋಗಿ ಸಂಗೀತ ಜೋರು, ಸಂಭಾಷಣೆ ಮಾಯ ಎಂಬ ಸ್ಥಿತಿ ಬರುತ್ತದೆ. ಪ್ಲೇಯರಿನಲ್ಲಿ ಧ್ವನಿಯನ್ನು ಸ್ಟೀರಿಯೊಗೆ ಇಳಿಸಿ, ಹಿಂದಿನ ಬೆಂಚಿನಲ್ಲಿ ಕೂತು ಐದು ನಿಮಿಷ ಕೇಳಿ ನೋಡಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಜನ ಸಂಜೆ ಬಿಡುವಾಗಿ ಸಿಗುತ್ತಾರೆ ನಿಜ, ಆದರೆ ಅಷ್ಟರಲ್ಲಿ ಮಳೆಗಾಲ. ಶೀಟು ಹಾಕಿದ ಸಭಾಂಗಣದಲ್ಲಿ ಜೂನ್‌ನ ಮಳೆಗೆ ಶ್ರೇಬರನ ದನಿಗಳು ಕೇಳುವುದುಂಟೇ? ತಾರಸಿ ಇರುವ ಶಾಲಾಕೋಣೆ ಹುಡುಕಿ, ಇಲ್ಲವಾದರೆ ಅಕ್ಟೋಬರ್‌ವರೆಗೆ ಕಾಯಿರಿ.

ಕರೆಂಟು ಹೋಗುವುದು ಎರಡನೆಯ ತೊಂದರೆ. 300 ವಾಟಿನ ಪ್ರೊಜೆಕ್ಟರ್, 100 ವಾಟಿನ ಸ್ಪೀಕರ್ ಇದ್ದರೆ ಹೊಸ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಎರಡು ಗಂಟೆ ಎಳೆಯಬಹುದು. ಹಳೆಯ ಬ್ಯಾಟರಿಯಾದರೆ ಅದರಲ್ಲಿ ಅರ್ಧ. ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಡಿ. ಇಲ್ಲದಿದ್ದರೆ ಬದಲಾಗುವ ಆ ಒಂದು ಗಳಿಗೆಯಲ್ಲೇ ಪ್ರೊಜೆಕ್ಟರ್ ಆರುತ್ತದೆ, ಲ್ಯಾಂಪು ತಣಿಯದೆ ಮತ್ತೆ ಹತ್ತುವುದಿಲ್ಲ.

ಅಡಿಬರಹದ ಕಡತ ತೆರೆದಾಗ ಗೀಚುಗೀಚು ಅಕ್ಷರ ಬಂದರೆ ಯಾರೋ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದಾರೆ ಎಂದರ್ಥ. ಯೂನಿಕೋಡಿಗೆ ಬದಲಿಸಿ ಯುಟಿಎಫ್-8 ಆಗಿ ಉಳಿಸಬೇಕು. ಚೌಕ ಡಬ್ಬಿಗಳು ಬಂದರೆ ಫಾಂಟಿನ ತೊಂದರೆ, ನೋಟೊ ಸಾನ್ಸ್ ಕನ್ನಡ ಹಾಕಿ. ಎರಡು ಸಾಲು ಮೀರಬೇಡಿ, ಸಾಲಿಗೆ ಮೂವತ್ತೈದು ಅಕ್ಷರದ ಆಚೀಚೆ, ಕಡಿಮೆಯೆಂದರೂ ಎರಡು ಸೆಕೆಂಡು ಪರದೆಯ ಮೇಲಿರಲಿ. ಪಮ್ಮೆಲ್ ಚಿತ್ರದಲ್ಲಿ ತಜ್ಞರ ಮಾತು ದಟ್ಟ, ಅದನ್ನು ಪೂರ್ತಿ ಅನುವಾದಿಸಿದರೆ ಅಜ್ಜಂದಿರಿಗೆ ಓದಿ ಮುಗಿಯುವುದಿಲ್ಲ. ಮೂರರಲ್ಲಿ ಒಂದು ಪಾಲು ಕತ್ತರಿಸಿ, ಆದರೆ ಶ್ರೇಬರನ ಸ್ವಂತ ಮಾತಿಗೆ ಕತ್ತರಿ ಹಾಕಬೇಡಿ. ಬೇರೆ ಪ್ರತಿಗೆ ಮಾಡಿದ ಅಡಿಬರಹ ಬಳಸಿದರೆ ಚಿತ್ರ ಸಾಗಿದಂತೆ ಮಾತು ಹಿಂದೆಮುಂದೆ ಆಗುತ್ತದೆ: ಸೆಕೆಂಡಿಗೆ 25 ಚೌಕಟ್ಟಿನ (ಫ್ರೇಮಿನ) ಪ್ರತಿಗೂ 23.976ರ ಪ್ರತಿಗೂ ಶೇಕಡಾ ನಾಲ್ಕರಷ್ಟು ಅಂತರ, 85 ನಿಮಿಷಕ್ಕೆ ಮೂರೂವರೆ ನಿಮಿಷ. ವಿಎಲ್‌ಸಿ ಪ್ಲೇಯರಿನ ಜಿ, ಎಚ್ ಕೀಲಿಗಳು 50 ಮಿಲಿಸೆಕೆಂಡಿನಂತೆ ಸರಿಸುತ್ತವೆ. ಅದು ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಇರುವ ವ್ಯತ್ಯಾಸಕ್ಕೆ ಮಾತ್ರ ಮದ್ದು. ಬೆಳೆಯುತ್ತ ಹೋಗುವ ವ್ಯತ್ಯಾಸಕ್ಕೆ ಕಡತದ ಚೌಕಟ್ಟುದರವನ್ನೇ ಬದಲಿಸಬೇಕು.

ಕನ್ನಡವೋ ಮಲಯಾಳವೋ? ಬದಿಯಡ್ಕ, ಪೆರ್ಲದಂಥ ಕಡೆ ಕನ್ನಡ ಸಾಕು. ಕಾಸರಗೋಡು ಪೇಟೆಯಲ್ಲಿ ಇಪ್ಪತ್ತೈದರ ಒಳಗಿನವರು ಬರುವುದಾದರೆ ಎರಡನ್ನೂ ಒಟ್ಟಿಗೆ ತುರುಕುವ ಬದಲು ಎರಡು ದಿನ ಬೇರೆಬೇರೆ ಹಾಕುವುದು ಮೇಲು. ನಾಲ್ಕು ಸಾಲು ಅಡಿಬರಹ ಪರದೆಯ ಕಾಲುಭಾಗ ನುಂಗುತ್ತದೆ. ಮನೆಬಳಕೆಗೆ ಕೊಂಡ ಡಿವಿಡಿ ಸಾರ್ವಜನಿಕ ಪ್ರದರ್ಶನದ ಹಕ್ಕು ಕೊಡುವುದಿಲ್ಲ. ದಿನಾಂಕ, ಆಸನಗಳ ಸಂಖ್ಯೆ, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ತಿಳಿಸಿ ವಿತರಕರಿಗೆ ಎರಡು ತಿಂಗಳು ಮೊದಲೇ ಮಿಂಚಂಚೆ ಬರೆಯಿರಿ.

ಚಿತ್ರ ಮುಗಿದ ಮೇಲೆ

ದೀಪ ಹತ್ತಿದೊಡನೆ ವೈದ್ಯರನ್ನು ವೇದಿಕೆಗೆ ಕರೆಯುವುದು ರೂಢಿ. ಈ ಚಿತ್ರಗಳ ಮಟ್ಟಿಗೆ ಅದು ತಪ್ಪು. ಒಂದೂವರೆ ಗಂಟೆ ರೋಗಿಯ ಮಾತು ಕೇಳಿದ ಮೇಲೆ ಮೊದಲ ಮಾತೇ ‘ಇದು ಪ್ಯಾರನಾಯ್ಡ್ ಸ್ಕಿಜೋಫ್ರೇನಿಯ’ ಎಂದಾದರೆ ಫ್ರಾಯ್ಡ್ ಕಾಲದಿಂದ ನಡೆದದ್ದೇ ಮತ್ತೆ ನಡೆದಂತೆ. ವೈದ್ಯರು ಪ್ರೇಕ್ಷಕರ ನಡುವೆ ಕೂತಿರಲಿ. ಮೊದಲು ಪುಸ್ತಕದ ಒಂದು ಪುಟವನ್ನು ಕನ್ನಡದಲ್ಲಿ ಯಾರಾದರೂ ಓದಲಿ. 1955ರ ಮಕಾಲ್ಪೈನ್ ಮತ್ತು ಹಂಟರ್ ಇಂಗ್ಲಿಷ್ ಅನುವಾದವನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಕೇಳಿದವರು ಮಾತಾಡಲಿ, ವೈದ್ಯರು ಕೊನೆಗೆ. ಶ್ರೇಬರ್ ಇದ್ದ ಅದೇ ಜೋನೆನ್‌ಸ್ಟೈನ್ ಕಟ್ಟಡದಲ್ಲಿ 1940–41ರಲ್ಲಿ ನಾಜಿಗಳು ಹದಿಮೂರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲದಿಂದ ಕೊಂದರು ಎಂಬುದನ್ನು ಯಾರಾದರೂ ಒಬ್ಬರು ಹೇಳಲೇಬೇಕು.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ: ‘ಇದು ದರ್ಶನ ಬಂದ ಹಾಗೆಯೇ ಅಲ್ಲವಾ?’ ಕೇಳಿದವರನ್ನು ಗದರಬೇಡಿ, ನಂಬಿಕೆಯ ತೀರ್ಪು ಕೊಡಲೂ ಹೋಗಬೇಡಿ. ವ್ಯತ್ಯಾಸವನ್ನು ಮಾತ್ರ ತೋರಿಸಬಹುದು. ದೈವ ಮೈಮೇಲೆ ಬರುವ ದರ್ಶನಕ್ಕೆ ಹೊತ್ತಿದೆ, ಜಾಗವಿದೆ, ಎದುರು ಕೈಮುಗಿದು ನಿಂತ ಊರಿದೆ, ಮುಗಿದ ಮೇಲೆ ಪಾತ್ರಿ ಮನೆಗೆ ಹೋಗಿ ಊಟ ಮಾಡುತ್ತಾನೆ. ನಿದ್ದೆಯ ಹೊತ್ತು ಬಿಟ್ಟರೆ ಸುಮಾರು ಏಳು ವರ್ಷ ದನಿ ಕೇಳದ ಒಂದು ಗಳಿಗೆಯೂ ಇರಲಿಲ್ಲ ಎಂದು ಶ್ರೇಬರ್ ಬರೆದಿದ್ದಾನೆ, ಅದನ್ನು ಕೇಳಲು ಅವನ ಎದುರು ಯಾರೂ ನಿಂತಿರಲಿಲ್ಲ.

ಸಭಾಂಗಣದಲ್ಲಿ ಇಂಥ ದನಿ ಕೇಳುವವರು, ಕೇಳಿಸಿಕೊಳ್ಳುವವರ ಮನೆಯವರು ಇರಬಹುದು, ಅವರು ಕೈ ಎತ್ತಿ ಹೇಳಲಾರರು. ಆದ್ದರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಕೇರಳದ ಸಹಾಯವಾಣಿ ದಿಶ 1056 ಇವೆರಡನ್ನೂ ಕನ್ನಡ, ಮಲಯಾಳ ಎರಡು ಲಿಪಿಯಲ್ಲೂ ಬರೆದು ಚಪ್ಪಲಿ ಬಿಡುವ ಜಾಗದ ಗೋಡೆಗೆ ಅಂಟಿಸಿ. ವೇದಿಕೆಯ ಮೇಲೆ ಅಂಟಿಸಿದರೆ ಎಲ್ಲರ ಕಣ್ಣೆದುರು ಬರೆದುಕೊಳ್ಳಬೇಕಾಗುತ್ತದೆ. ಚಪ್ಪಲಿ ಹುಡುಕುವ ನೆಪದಲ್ಲಾದರೆ ಎರಡು ನಿಮಿಷ ನಿಲ್ಲಬಹುದು.